ಹಳೆಯ ರೇಸಿಂಗ್ ದೋಣಿಗೂ ಅದರ ಮೋಟರಿಗೂ ಬೆಲೆ ಕಟ್ಟುವ ಬಗೆ

ಔಟ್‌ಬೋರ್ಡ್ ರೇಸಿಂಗ್ ದೋಣಿ ಎಂದರೆ ಸಾಮಾನ್ಯವಾಗಿ ಒಬ್ಬರೇ ಮಂಡಿಯೂರಿ ಕುಳಿತು ಓಡಿಸುವ, ಪ್ಲೈವುಡ್ಡಿನಲ್ಲಿ ಮಾಡಿದ ಹಗುರವಾದ ಪುಟ್ಟ ದೋಣಿ. ಅದರ ಹಿಂಬದಿಯ ಹಲಗೆಗೆ ತಿರುಪಿನಿಂದ ಬಿಗಿದು, ಬೇಕೆಂದಾಗ ಬಿಚ್ಚಿಡಬಹುದಾದ ಮೋಟರೇ ಔಟ್‌ಬೋರ್ಡ್. ಮಲ್ಪೆ, ಗಂಗೊಳ್ಳಿಗಳಲ್ಲಿ ನಾಡದೋಣಿಯ ಹಿಂದೆ ಕಾಣುವ ಮೋಟರಿನ ಜಾತಿಯೇ ಇದು. ಅಮೆರಿಕದಲ್ಲಿ 1920ರ ದಶಕದ ಕೊನೆಯಿಂದ 1960ರವರೆಗೆ ಈ ಓಟ ಬಹಳ ಜನಪ್ರಿಯ ಹವ್ಯಾಸವಾಗಿತ್ತು. ಆಗ ಓಡಿಸಿದವರ ತಲೆಮಾರು ಸರಿಯುತ್ತ ಬಂದಂತೆ ದೋಣಿಗಳು ಗ್ಯಾರೇಜು, ಕೊಟ್ಟಿಗೆಗಳಿಂದ ಹೊರಬಂದು ಮಕ್ಕಳು ಮೊಮ್ಮಕ್ಕಳ ಕೈ ಸೇರುತ್ತಿವೆ. ಕೈಗೆ ಬಂದ ಕೂಡಲೇ ಏಳುವ ಪ್ರಶ್ನೆ ಬೆಲೆಯದು. ಆ ಪ್ರಶ್ನೆ ಹಿಡಿದು ಇಬ್ಬರ ನಡುವೆ ನಡೆದ ಮಾತುಕತೆ ಇಲ್ಲಿದೆ.

ಕೇಳುವವರು: ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ವಿಸ್ಕಾನ್ಸಿನ್ ರಾಜ್ಯದ ಒಂದು ಗ್ಯಾರೇಜಿನಲ್ಲಿ 1950ರ ದಶಕದ ರೇಸಿಂಗ್ ದೋಣಿ ಇದೆ. ಪಕ್ಕದಲ್ಲಿ ಮರ್ಕ್ಯುರಿ ಕಂಪನಿಯ ಮೋಟರು ಸ್ಟ್ಯಾಂಡಿನ ಮೇಲೆ ನಿಂತಿದೆ. ಎರಡೂ ಸೇರಿ ಎಷ್ಟು ಬಾಳುತ್ತವೆ?

ಬಲ್ಲವರು: ಬೆಲೆ ಯಾತಕ್ಕೆ ಬೇಕು ಎನ್ನುವುದು ಮೊದಲು ತೀರ್ಮಾನವಾಗಬೇಕು. ಒಂದೇ ದೋಣಿಗೆ ಒಂದೇ ದಿನ ಮೂರು ಬೆಲೆ ಇರಬಹುದು, ಮೂರೂ ಸರಿಯಾಗಿರಬಹುದು. ಕೊಳ್ಳುವವನಿಗೂ ಮಾರುವವನಿಗೂ ಯಾವ ಒತ್ತಾಯವಿಲ್ಲದೆ, ಇಬ್ಬರಿಗೂ ವಸ್ತುವಿನ ವಿಷಯ ತಕ್ಕಮಟ್ಟಿಗೆ ಗೊತ್ತಿದ್ದು ಕೈಬದಲಾಗುವ ಬೆಲೆ ಒಂದು. ಅಮೆರಿಕದ ತೆರಿಗೆ ಇಲಾಖೆ ನ್ಯಾಯವಾದ ಮಾರುಕಟ್ಟೆ ಬೆಲೆ ಎನ್ನುವುದು ಇದನ್ನೇ. ಅಣ್ಣತಮ್ಮಂದಿರ ಪಾಲಿನ ಲೆಕ್ಕಕ್ಕೆ, ವಸ್ತುಸಂಗ್ರಹಾಲಯಕ್ಕೆ ದಾನ ಕೊಡುವಾಗ ಈ ಬೆಲೆ ಬೇಕು. ಎರಡನೆಯದು ವಿಮೆಯ ಬೆಲೆ. ದೋಣಿ ಸುಟ್ಟುಹೋದರೆ ಅಂಥದ್ದೇ ಇನ್ನೊಂದನ್ನು ಹುಡುಕಿ ತರಲು ಎಷ್ಟು ಬೇಕೋ ಅಷ್ಟು. ಹಳೆಯ ದೋಣಿಗಳಿಗೆ ವಿಮಾ ಕಂಪನಿಯೂ ಮಾಲೀಕರೂ ಮೊದಲೇ ಒಪ್ಪಿ ಬರೆದಿಡುವ ಮೊತ್ತ ಅದು. ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಗಿಂತ ಮೇಲಿರುತ್ತದೆ. ಮೂರನೆಯದು ಮನೆ ಖಾಲಿ ಮಾಡುವ ಅವಸರದಲ್ಲಿ ಸಿಗುವ ಬೆಲೆ. ವ್ಯಾಪಾರಿಗೆ ತನ್ನ ಲಾಭ, ಸಾಗಣೆ, ಕಾಯುವ ಕಾಲ ಎಲ್ಲವೂ ಅದರೊಳಗೇ ಹೊಂದಬೇಕು. ಯಾವ ಬೆಲೆ ಎಂದು ಹೇಳದೆ ಬರೀ ಅಂಕಿ ಹೇಳಿದರೆ ಅದರಿಂದ ಜಗಳವೇ ಹುಟ್ಟುತ್ತದೆ.

ಕೇಳುವವರು: ಮನೆಯವರೊಳಗೆ ಪಾಲು ಆಗಬೇಕು, ಆದರೆ ಮಾರುವ ಅವಸರವಿಲ್ಲ ಅಂದುಕೊಳ್ಳೋಣ. ಆಗ ಮೊದಲು ನೋಡಬೇಕಾದದ್ದು ದೋಣಿಯನ್ನೋ ಮೋಟರನ್ನೋ?

ಬಲ್ಲವರು: ಮೋಟರನ್ನು. ಬಹಳಷ್ಟು ಜೋಡಿಗಳಲ್ಲಿ ಬೆಲೆಯ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಪ್ಲೈವುಡ್ ದೋಣಿ ಮೂರು ನಾಲ್ಕು ಹಂಗಾಮಿನ ಓಟಕ್ಕೇ ನುಗ್ಗಾಗುತ್ತಿತ್ತು. ಓಡಿಸುವವರು ಅದನ್ನು ಬಿಟ್ಟು ಹೊಸದು ಕಟ್ಟಿಸಿಕೊಳ್ಳುತ್ತಿದ್ದರು. ಮೋಟರು ಮಾತ್ರ ದೋಣಿಯಿಂದ ದೋಣಿಗೆ ಹೋಗುತ್ತಿತ್ತು. ಅದಕ್ಕಾಗಿ ಮೋಟರಿನ ವಂಶಾವಳಿ ಸ್ವಲ್ಪ ತಿಳಿದಿರಬೇಕು. ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್ನಿಗೆ ಬಂದ ಓಲೆ ಇವಿನ್ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಮಾರಾಟಕ್ಕೆ ತಂದ ಮೋಟರು ಒಂದೂವರೆ ಅಶ್ವಶಕ್ತಿಯದು. ದೋಣಿಗೆ ಔಟ್‌ಬೋರ್ಡ್ ಕಟ್ಟುವುದು ಜನಸಾಮಾನ್ಯರ ರೂಢಿಯಾದದ್ದು ಅಲ್ಲಿಂದ. 1920ರ ದಶಕದಲ್ಲಿ ಜಾನ್ಸನ್ ಸಹೋದರರು ಹಗುರವಾದ ಎರಡು ಸಿಲಿಂಡರಿನ ಮೋಟರು ತಂದರು. ಹಗುರವಾದ ಮೇಲೆ ವೇಗ ಬಂತು, ವೇಗ ಬಂದ ಮೇಲೆ ಪಂದ್ಯ ಶುರುವಾಯಿತು. ಜಾನ್ಸನ್, ಇವಿನ್ರೂಡ್ ಕಂಪನಿಗಳು ಪಂದ್ಯಕ್ಕೆಂದೇ ಮೋಟರು ಮಾಡಿದ ಕಾಲ 1930ರ ಆಸುಪಾಸಿನದು. ಎಂಜಿನ್ನಿನ ಗಾತ್ರ ನೋಡಿ ಪಂದ್ಯದ ವರ್ಗಗಳನ್ನು ಅಕ್ಷರಗಳಿಂದ ಕರೆಯುತ್ತಿದ್ದರು: ಸಿ ವರ್ಗಕ್ಕೆ ಜಾನ್ಸನ್ ಪಿಆರ್, ಎಫ್ ವರ್ಗಕ್ಕೆ 60 ಘನ ಇಂಚಿನ, ನಾಲ್ಕು ಸಿಲಿಂಡರಿನ 4-60 ಎಂಬ ಮೋಟರು. ಸಂಗ್ರಾಹಕರು ಇಂದಿಗೂ ಹುಡುಕಿಕೊಂಡು ಹೋಗುವವು ಇವು.

ಕೇಳುವವರು: ನಮ್ಮ ಉದಾಹರಣೆಯದು ಮರ್ಕ್ಯುರಿ.

ಬಲ್ಲವರು: ಅದು ಮುಂದಿನ ಅಧ್ಯಾಯ. ಕಾರ್ಲ್ ಕೀಕ್‌ಹೇಫರ್ 1939ರಲ್ಲಿ ವಿಸ್ಕಾನ್ಸಿನ್ನಿನ ಸೀಡರ್‌ಬರ್ಗಿನಲ್ಲಿ ಮುಚ್ಚಿಹೋಗಿದ್ದ ಒಂದು ಮೋಟರ್ ಕಾರ್ಖಾನೆ ಕೊಂಡರು. ಅಲ್ಲಿಂದ ಬಂದದ್ದು ಮರ್ಕ್ಯುರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊರಬಂದ ಅವರ 10 ಅಶ್ವಶಕ್ತಿಯ ಲೈಟ್ನಿಂಗ್ ಮೋಟರು ತನ್ನ ಗುರುತಿನ ತಟ್ಟೆಯ ಮೇಲೆ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಕೊಡುತ್ತಿತ್ತು. ಮೀನು ಹಿಡಿಯಲು ಕೊಂಡವರು ಭಾನುವಾರ ಅದನ್ನೇ ಪಂದ್ಯಕ್ಕೆ ತಂದರು. ಕಾರ್ಖಾನೆಯಲ್ಲಿ ತಯಾರಾದಂತೆಯೇ ಇರುವ ಮೋಟರನ್ನು ಸಾಮಾನ್ಯ ಪೆಟ್ರೋಲಿನಲ್ಲಿ ಓಡಿಸುವ ಸ್ಟಾಕ್ ವರ್ಗಗಳು ಬೆಳೆದದ್ದು ಈ ಮೋಟರುಗಳಿಂದ. ಕೆಜಿ4, ಕೆಜಿ7, ಆಮೇಲೆ ಮಾರ್ಕ್ 20ಎಚ್, ಮಾರ್ಕ್ 55ಎಚ್ ಎಂಬ ಹೆಸರುಗಳು ಈ ಲೋಕದಲ್ಲಿ ಎಲ್ಲರ ಬಾಯಲ್ಲೂ ಇರುವಂಥವು. 1958ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಹ್ಯೂಬರ್ಟ್ ಎಂಟ್ರಪ್ ಗಂಟೆಗೆ 107.821 ಮೈಲಿ, ಅಂದರೆ ಸುಮಾರು 173.5 ಕಿಲೋಮೀಟರ್ ವೇಗದ ದಾಖಲೆ ಮಾಡಿದ್ದು ಮಾರ್ಕ್ 75ಎಚ್ ಮೋಟರಿನಿಂದ. ಇಂಥ ಚರಿತ್ರೆಯಿರುವ ಮಾದರಿಗೆ ಕೇಳಿಕೆ ಬೇರೆಯೇ ಇರುತ್ತದೆ.

ಕೇಳುವವರು: ಹಾಗಾದರೆ ಹುಡ್ಡಿನ ಮೇಲೆ ಮರ್ಕ್ಯುರಿ ಎಂದಿದ್ದರೆ ಬೆಲೆ ಬಂತು ಎಂದೇ?

ಬಲ್ಲವರು: ಇಲ್ಲ, ಎಡವುವುದು ಅಲ್ಲೇ. ಅದೇ ಕಂಪನಿ, ಅದೇ ವರ್ಷ, ಹೆಚ್ಚುಕಡಿಮೆ ಅದೇ ಸಿಲಿಂಡರು ಇರುವ ಮೀನುಗಾರಿಕೆಯ ಮೋಟರುಗಳು ಲೆಕ್ಕವಿಲ್ಲದಷ್ಟು ಉಳಿದಿವೆ. ಅವುಗಳಿಗೆ ಬರುವ ಬೆಲೆ ಕಡಿಮೆ. ರೇಸಿಂಗ್ ಮೋಟರಿನ ಗುರುತು ಕೆಳಗಿದೆ, ನೀರಿನಲ್ಲಿ ಮುಳುಗುವ ಗೇರ್ ಭಾಗದಲ್ಲಿ. ಅದಕ್ಕೆ ಎಲ್ಲರೂ ಲೋವರ್ ಯೂನಿಟ್ ಎನ್ನುತ್ತಾರೆ. ಮೀನುಗಾರಿಕೆಯ ಮೋಟರಿನದು ದಪ್ಪ. ಪ್ರೊಪೆಲರಿನ ಮೇಲುಗಡೆ ಅಗಲವಾದ ತಟ್ಟೆ. ಎಂಜಿನ್ನಿಗಿಂತ ಪ್ರೊಪೆಲರು ನಿಧಾನವಾಗಿ ತಿರುಗುವಂತೆ ಗೇರು. ಮರ್ಕ್ಯುರಿಯ ಕ್ವಿಕ್‌ಸಿಲ್ವರ್ ಎಂಬ ರೇಸಿಂಗ್ ಲೋವರ್ ಯೂನಿಟ್ಟು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಬುಲೆಟ್ಟಿನ ಮೂತಿ, ಸಣ್ಣ ಸೊಂಟ, ನೀರು ಸೀಳಲು ತೆಳುವಾಗಿ ಇಳಿದ ಕೆಳರೆಕ್ಕೆ. ಅದರಲ್ಲಿ ನ್ಯೂಟ್ರಲ್ ಇಲ್ಲ, ರಿವರ್ಸ್ ಇಲ್ಲ. ಹಗ್ಗ ಸುತ್ತಿ ಎಳೆದು ಎಂಜಿನ್ ಹತ್ತಿದ ಕ್ಷಣದಲ್ಲೇ ಪ್ರೊಪೆಲರು ತಿರುಗುತ್ತದೆ, ದೋಣಿ ಹೊರಡುತ್ತದೆ.

ಕೇಳುವವರು: ಆ ಭಾಗ ಕಂಡರೆ ಸಾಕೇ?

ಬಲ್ಲವರು: ಸಾಲದು, ಏಕೆಂದರೆ ಕಂಪನಿ ಆ ಲೋವರ್ ಯೂನಿಟ್ಟನ್ನು ಬಿಡಿಯಾಗಿಯೂ ಮಾರುತ್ತಿತ್ತು. ಸಾಮಾನ್ಯ ಕೆಜಿ7 ಮೋಟರಿಗೆ ಅದನ್ನು ಸೇರಿಸಿ ಪಂದ್ಯಕ್ಕಿಳಿದವರು ಅನೇಕರು. ಅದು ತಪ್ಪಲ್ಲ, ಆ ಕಾಲದ ಪದ್ಧತಿಯೇ. ಆದರೆ ಕಾರ್ಖಾನೆಯಿಂದಲೇ ರೇಸಿಂಗ್ ಮಾದರಿಯಾಗಿ ಬಂದ ಮೋಟರಿಗೂ ಆಮೇಲೆ ಜೋಡಿಸಿದ್ದಕ್ಕೂ ಬೆಲೆಯಲ್ಲಿ ಅಂತರವಿದೆ. ಅದನ್ನು ತೀರ್ಮಾನಿಸುವುದು ಮೋಟರಿನ ತಟ್ಟೆಯ ಮೇಲಿನ ಮಾದರಿ ಮತ್ತು ಸರಣಿ ಸಂಖ್ಯೆ. ತಟ್ಟೆ ಹೊಡೆದ ರಿವೆಟ್ಟುಗಳು ಹಳೆಯವೋ ಇತ್ತೀಚಿನವೋ ನೋಡಬೇಕು. ಸರಣಿ ಸಂಖ್ಯೆಯ ಪಟ್ಟಿಗಳು ಹಳೆಯ ಮೋಟರುಗಳ ಸಂಗ್ರಾಹಕರಲ್ಲಿವೆ. ಆಂಟಿಕ್ ಔಟ್‌ಬೋರ್ಡ್ ಮೋಟರ್ ಕ್ಲಬ್ 1965ರಿಂದ ಇದೇ ಕೆಲಸದಲ್ಲಿದೆ. ಅದರ ಸದಸ್ಯರಲ್ಲಿ ಒಂದು ಮಾದರಿಯ ತಿರುಪು ತಿರುಪನ್ನೂ ಬಲ್ಲವರು ಸಿಗುತ್ತಾರೆ.

ಕೇಳುವವರು: ಒಳಗಿನ ಭಾಗಗಳು ಬದಲಾಗಿದ್ದರೆ?

ಬಲ್ಲವರು: ರೇಸಿಂಗ್ ಮೋಟರಿನಲ್ಲಿ ಬದಲಾಗದೆ ಇದ್ದರೇ ಆಶ್ಚರ್ಯ. ಇಲ್ಲಿ ಮೂಲರೂಪ ಎನ್ನುವುದನ್ನು ಸ್ವಲ್ಪ ಬೇರೆ ರೀತಿ ನೋಡಬೇಕು. ಜಾನ್ಸನ್ ಪಿಆರ್ ಮೋಟರನ್ನೇ ತೆಗೆದುಕೊಳ್ಳಿ. ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೂ ಸಿ ವರ್ಗದಲ್ಲಿ ಅದು ವರ್ಷಗಟ್ಟಲೆ ಓಡಿತು. ಓಡಿದ್ದು ಹೇಗೆಂದರೆ ಕ್ಯಾಲಿಫೋರ್ನಿಯಾದ ರಾಂಡಾಲ್ಫ್ ಹಬೆಲ್ ಅವರಂಥವರು ಅದರ ಬಿಡಿಭಾಗಗಳನ್ನು ತಾವೇ ತಯಾರಿಸಿ ಕೊಟ್ಟದ್ದರಿಂದ. ಆ ಭಾಗಗಳು ಕಾರ್ಖಾನೆಯವಲ್ಲ, ಆದರೂ ಆ ಕ್ರೀಡೆಯ ಚರಿತ್ರೆಯೇ ಅವು. ಅವುಗಳಿಂದ ಬೆಲೆ ಬೀಳುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಇಲಿನಾಯ್ ರಾಜ್ಯದ ಕ್ವಿನ್ಸಿ ಊರಿನಲ್ಲಿ ಕ್ರಿಸ್ಟ್‌ನರ್ ಅವರ ವೆಲ್ಡಿಂಗ್ ಅಂಗಡಿ ಮಾರ್ಪಡಿಸಿದ ಮರ್ಕ್ಯುರಿ ಮೋಟರುಗಳದೂ ಇದೇ ಕಥೆ. ಬೆಲೆ ಬೀಳುವುದು ಕಾಲಕ್ಕೆ ಸೇರದ ಭಾಗದಿಂದ: 1950ರ ಮೋಟರಿಗೆ ಕೂರಿಸಿದ 1980ರ ಕಾರ್ಬ್ಯುರೇಟರು, ಹೊಂದದ ಫ್ಲೈವೀಲು, ಬೇರೆ ಮಾದರಿಯ ಸಿಲಿಂಡರ್ ಬ್ಲಾಕು.

ಕೇಳುವವರು: ಗುರುತು ಸಿಕ್ಕಿತು, ಮಾರ್ಕ್ 20ಎಚ್ ಎಂದು ಗೊತ್ತಾಯಿತು ಎನ್ನೋಣ. ಸ್ಥಿತಿ ನೋಡುವುದು ಹೇಗೆ? ಹಗ್ಗ ಎಳೆದು ಶುರು ಮಾಡಿ ನೋಡಿದರೆ?

ಬಲ್ಲವರು: ಅದನ್ನು ಮಾಡಲೇಬಾರದು. ವರ್ಷಗಟ್ಟಲೆ ನಿಂತ ಮೋಟರಿನೊಳಗೆ ಎಣ್ಣೆ ಒಣಗಿರುತ್ತದೆ, ಪಿಸ್ಟನ್ ಉಂಗುರ ಹಿಡಿದುಕೊಂಡಿರುತ್ತದೆ, ತಂಪು ಮಾಡುವ ನೀರು ಬರುವ ದಾರಿಯಲ್ಲಿ ಕಸ ಕೂತಿರುತ್ತದೆ. ಎರಡು ನಿಮಿಷದ ಉತ್ಸಾಹಕ್ಕೆ ಸಿಲಿಂಡರಿನ ಗೋಡೆ ಗೀರಿಹೋದರೆ ಬೆಲೆಯ ದೊಡ್ಡ ಭಾಗ ಅಲ್ಲೇ ಹೋಯಿತು. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ತೆಳುವಾದ ಎಣ್ಣೆ ಬಿಟ್ಟು ಒಂದು ದಿನ ಬಿಡಬೇಕು. ಆಮೇಲೆ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಮೊದಲ ಸಮಾಧಾನ. ಕಂಪ್ರೆಶನ್ ಗೇಜಿನಲ್ಲಿ ಎರಡೂ ಸಿಲಿಂಡರು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಅಂಕಿ ಎಷ್ಟು ಎನ್ನುವುದಕ್ಕಿಂತ ಎರಡರ ನಡುವಿನ ಅಂತರ ಮುಖ್ಯ. ಮ್ಯಾಗ್ನೆಟೊ ಕಿಡಿ ಕೊಡುತ್ತದೋ ನೋಡಬೇಕು. ಹಳೆಯ ಮ್ಯಾಗ್ನೆಟೊದ ಸುರುಳಿ ಸತ್ತಿದ್ದರೆ ಸರಿಮಾಡಿಸಬಹುದು, ಖರ್ಚು ಮಾತ್ರ ಸಣ್ಣದಲ್ಲ.

ಲೋವರ್ ಯೂನಿಟ್ಟಿನ ಕೆಳಗಿನ ತಿರುಪು ಬಿಚ್ಚಿದರೆ ಗೇರ್ ಎಣ್ಣೆ ಇಳಿಯುತ್ತದೆ. ಕಪ್ಪಾಗಿ ಇಳಿದರೆ ಚಿಂತೆಯಿಲ್ಲ. ಹಾಲಿನ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ, ಗೇರು ಬೇರಿಂಗುಗಳು ತುಕ್ಕು ಹಿಡಿದಿರುವ ಸಂಭವ ಹೆಚ್ಚು. ಎಣ್ಣೆಗಿಂತ ಮೊದಲು ಬರೀ ನೀರೇ ಇಳಿದರೆ ಇನ್ನೊಂದು ಭಯ: ವಿಸ್ಕಾನ್ಸಿನ್ನಿನ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಹೊರಗಿನ ಎರಕವನ್ನೇ ಸೀಳಿರಬಹುದು. ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ ಕಂಡರೆ ಉಗುರಿನಿಂದ ಸವರಿ ನೋಡಬೇಕು. ಈ ರೇಸಿಂಗ್ ಗೇರುಗಳಿಗೆ ಬದಲಿ ಸಿಗುವುದು ಕಷ್ಟ. ಹಾಗಾಗಿ ಇಡೀ ಮೋಟರಿನಲ್ಲಿ ಅತಿ ದುಬಾರಿಯಾದ ದೋಷ ಇರುವ ಜಾಗ ಇದೇ.

ಕೇಳುವವರು: ಮೂಗಿಗೂ ಏನಾದರೂ ಸುಳಿವು ಸಿಗುತ್ತದೆ ಎನ್ನುತ್ತಾರಲ್ಲ?

ಬಲ್ಲವರು: ಸಿಗುತ್ತದೆ. ಸ್ಟಾಕ್ ವರ್ಗದಲ್ಲಿ ಪೆಟ್ರೋಲಿಗೆ ಎಂಜಿನ್ ಎಣ್ಣೆ ಬೆರೆಸುತ್ತಿದ್ದರು. ಇನ್ನೊಂದು ಬಣದಲ್ಲಿ, ಅಂದರೆ ಆಲ್ಕಿ ಎಂದು ಕರೆಯುವ ವರ್ಗಗಳಲ್ಲಿ, ಮೆಥನಾಲಿಗೆ ಹರಳೆಣ್ಣೆ ಬೆರೆಸುತ್ತಿದ್ದರು. ಹರಳೆಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಮೆಥನಾಲಿನಲ್ಲಿ ಬೆರೆಯುತ್ತದೆ. ಹೆಚ್ಚಿನ ಬಿಸಿಯಲ್ಲೂ ಲೋಹದ ಮೇಲಿನ ಪದರ ಬಿಡುವುದಿಲ್ಲ. ದಶಕಗಳು ಕಳೆದರೂ ಅಂಥ ಮೋಟರಿನ ಕಾರ್ಬ್ಯುರೇಟರು ಬಿಚ್ಚಿದರೆ ಹರಳೆಣ್ಣೆಯ ವಾಸನೆ ಉಳಿದಿರುತ್ತದೆ, ಒಳಗೆ ಕಂದು ಬಣ್ಣದ ಅಂಟು ಕಟ್ಟಿರುತ್ತದೆ. ಅಂಟು ಕರಗಿಸಬಹುದು. ಆದರೆ ಮೆಥನಾಲು ಒಳಗೇ ನಿಂತು ಅಲ್ಯೂಮಿನಿಯಂ ತಿಂದಿದ್ದರೆ ಬಿಳಿ ಪುಡಿಯೂ ಸಣ್ಣ ಗುಳಿಗಳೂ ಕಾಣುತ್ತವೆ, ಅದನ್ನು ಮತ್ತೆ ತುಂಬಿಸಲಾಗದು. ಉಪ್ಪುನೀರಿನಲ್ಲಿ ಓಡಿದ ಮೋಟರಿನಲ್ಲೂ ಇಂಥ ಗುಳಿ ಬೀಳುತ್ತದೆ. ಸಿಹಿನೀರಿನ ಸರೋವರಗಳಲ್ಲಿ ಮಾತ್ರ ಓಡಿದ ಮೋಟರಿಗೆ ಕೊಳ್ಳುವವರು ಒಂದಿಷ್ಟು ಹೆಚ್ಚು ಕೊಡುವುದು ಇದಕ್ಕೇ.

ಕೇಳುವವರು: ಇನ್ನು ದೋಣಿಗೆ ಬರೋಣ. ಅದಕ್ಕೂ ಸಂಖ್ಯೆಯ ತಟ್ಟೆ ಇರುತ್ತದೆಯೇ?

ಬಲ್ಲವರು: ಎಲ್ಲಕ್ಕೂ ಇರುವುದಿಲ್ಲ. ಅಮೆರಿಕದಲ್ಲಿ ಪ್ರತಿ ದೋಣಿಗೂ 12 ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಹಾಕಬೇಕೆಂಬ ನಿಯಮ ಬಂದದ್ದು 1972ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ದೋಣಿಗೆ ತಯಾರಕರು ಹಾಕಿದ್ದರೆ ಒಂದು ಪುಟ್ಟ ತಟ್ಟೆ ಅಥವಾ ಮರದ ಮೇಲೆ ಒತ್ತಿದ ಅಂಕಿ ಇರುತ್ತದೆ, ಇಲ್ಲದಿದ್ದರೆ ಏನೂ ಇಲ್ಲ. ಹಾಗಾಗಿ ಆಕಾರ ನೋಡಿ ಹೇಳಬೇಕು. ಮೊದಲು ನೋಡಬೇಕಾದದ್ದು ಅದು ರನ್‌ಅಬೌಟೋ ಹೈಡ್ರೊಪ್ಲೇನೋ ಎಂದು. ರನ್‌ಅಬೌಟಿನ ತಳ ಒಂದೇ ಸಮನಾಗಿ ಹರಿಯುತ್ತದೆ. ಹೈಡ್ರೊಪ್ಲೇನಿನಲ್ಲಿ ಹಳೆಯ ಬಗೆಯದಕ್ಕೆ ತಳದ ನಡುವೆ ಅಡ್ಡಲಾಗಿ ಒಂದು ಮೆಟ್ಟಿಲು ಇರುತ್ತದೆ. 1930ರ ದಶಕದಲ್ಲಿ ನ್ಯೂ ಜೆರ್ಸಿಯ ವೆಂಟ್ನರ್ ದೋಣಿ ಕಾರ್ಖಾನೆಯ ಏಪಲ್ ಕುಟುಂಬದವರು ಬೇರೊಂದು ರೂಪ ಬೆಳೆಸಿದರು: ಮುಂದಿನ ಎರಡೂ ಪಕ್ಕಕ್ಕೆ ಸ್ಪಾನ್ಸನ್ ಎಂಬ ಚಾಚು. ವೇಗ ಹಿಡಿದಾಗ ಆ ಎರಡರ ತುದಿ ಮತ್ತು ದೋಣಿಯ ಬಾಲ, ಹೀಗೆ ಮೂರು ಕಡೆ ಮಾತ್ರ ನೀರು ತಾಗುತ್ತದೆ, ಉಳಿದದ್ದು ಗಾಳಿಯ ಮೇಲೆ. 1939ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಗಂಟೆಗೆ 141.74 ಮೈಲಿ ವೇಗದ ವಿಶ್ವದಾಖಲೆ ಮಾಡಿದ ಬ್ಲೂಬರ್ಡ್ ದೋಣಿಯೂ ಇದೇ ತತ್ತ್ವದ್ದು. ಯುದ್ಧಾನಂತರದ ಔಟ್‌ಬೋರ್ಡ್ ಹೈಡ್ರೊಪ್ಲೇನುಗಳು ಹೆಚ್ಚಾಗಿ ಈ ಮೂರು ಬಿಂದುವಿನ ಮಾದರಿಯವು.

ಕೇಳುವವರು: ಕಟ್ಟಿದವರು ಯಾರೆಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ?

ಬಲ್ಲವರು: ಬಹಳ. ಫ್ಲಾರಿಡಾದ ಮೌಂಟ್ ಡೋರಾದ ಸ್ವಿಫ್ಟ್, ನ್ಯೂ ಜೆರ್ಸಿಯ ಸಿಡ್-ಕ್ರಾಫ್ಟ್, ಕ್ಯಾಲಿಫೋರ್ನಿಯಾದ ಡಿ ಸಿಲ್ವ, ಯುದ್ಧಕ್ಕೂ ಹಿಂದಿನ ನ್ಯೂ ಜೆರ್ಸಿಯ ಜಾಕೊಬಿ. ಇಂಥ ಹೆಸರು ಖಚಿತವಾದರೆ ದೋಣಿಗೆ ಕೊಳ್ಳುವವರು ತಾವಾಗಿ ಬರುತ್ತಾರೆ. ಇನ್ನೊಂದು ದೊಡ್ಡ ಗುಂಪು ಮನೆಯಲ್ಲೇ ಕಟ್ಟಿದ ದೋಣಿಗಳದು. ಹಾಲ್ ಕೆಲ್ಲಿಯಂಥ ವಿನ್ಯಾಸಕಾರರು ನಕ್ಷೆಗಳನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದ್ದರು. ಮರಗೆಲಸ ಬಲ್ಲವರು ಅದನ್ನು ನೋಡಿ ಗ್ಯಾರೇಜಿನಲ್ಲಿ ಕಟ್ಟಿಕೊಂಡರು. ವಿನ್ಯಾಸ ಪ್ರಸಿದ್ಧ, ಕೈ ಅಜ್ಞಾತ. ಇವುಗಳ ಬೆಲೆ ಕಡಿಮೆ ಎನ್ನುವುದು ಮಾರುಕಟ್ಟೆಯ ಮಾತು. ಆದರೆ ಕಟ್ಟಿದವರೇ ಓಡಿಸಿದ್ದು, ಕಟ್ಟುವಾಗಿನ ಫೋಟೋ, ನಕ್ಷೆಯ ಪ್ರತಿ, ಗೆದ್ದ ಕಪ್ಪು ಎಲ್ಲ ಒಟ್ಟಿಗೆ ಉಳಿದಿದ್ದರೆ ಅಂಥ ದೋಣಿಯನ್ನು ಅಗ್ಗದ ಗುಂಪಿಗೆ ತಳ್ಳುವುದು ಅನ್ಯಾಯ. ಆ ಕ್ರೀಡೆ ಜನರ ಕ್ರೀಡೆಯಾಗಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಕೇಳುವವರು: ಮರದ ಸ್ಥಿತಿ?

ಬಲ್ಲವರು: ಒಂದು ಸಣ್ಣ ಸುತ್ತಿಗೆ, ಒಂದು ಚೂಪಾದ ದಬ್ಬಳ, ಒಂದು ಟಾರ್ಚು ಸಾಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಮರ ಟಣ್ ಎನ್ನುತ್ತದೆ, ಲಡ್ಡಾದ ಕಡೆ ಸದ್ದು ಮಂಕಾಗುತ್ತದೆ. ಮೋಟರು ಕೂರುವ ಹಿಂಬದಿಯ ಹಲಗೆ, ಅದು ತಳಕ್ಕೆ ಕೂಡುವ ಮೂಲೆ, ಸ್ಪಾನ್ಸನ್ನಿನ ಒಳಭಾಗ, ಇವು ಮೊದಲು ಕೊಳೆಯುವ ಜಾಗಗಳು. ಸಿಹಿನೀರು ಮೋಟರಿಗೆ ಒಳ್ಳೆಯದು ಎಂದೆವಲ್ಲ, ಮರಕ್ಕೆ ಅದೇ ವೈರಿ: ಮಳೆನೀರು ನಿಂತ ದೋಣಿ ಬೇಗ ಕೊಳೆಯುತ್ತದೆ. ಪ್ಲೈವುಡ್ಡಿನ ಪದರ ಬಿಟ್ಟಿದೆಯೇ, ಅಂಟು ಪುಡಿಯಾಗಿದೆಯೇ, ಹಿತ್ತಾಳೆ ಅಥವಾ ಕಂಚಿನ ಮೊಳೆಗಳ ಜಾಗಕ್ಕೆ ಯಾರೋ ಕಬ್ಬಿಣದವನ್ನು ಹೊಡೆದಿದ್ದಾರೆಯೇ ನೋಡಬೇಕು. ತಳದ ಹಿಂಭಾಗಕ್ಕೆ ನೇರವಾದ ಉದ್ದ ಪಟ್ಟಿ ಹಿಡಿದರೆ ತಳ ಒಳಕ್ಕೆ ಬಾಗಿದೆಯೋ ಹೊರಕ್ಕೆ ಉಬ್ಬಿದೆಯೋ ತಿಳಿಯುತ್ತದೆ. ಗೋಡೆಗೆ ತೂಗುಹಾಕುವವರಿಗೆ ಅದರಿಂದ ತೊಂದರೆಯಿಲ್ಲ, ಓಡಿಸುವವರಿಗೆ ಅದೇ ಪ್ರಾಣಾಪಾಯ.

ಹಳೆಯ ದೋಣಿಯ ಮೇಲೆ ಫೈಬರ್‌ಗ್ಲಾಸ್ ಹೊದಿಸಿದ್ದರೆ ಬೆಲೆ ಚೆನ್ನಾಗಿಯೇ ಇಳಿಯುತ್ತದೆ. ಸೋರಿಕೆ ನಿಲ್ಲಿಸಲು ಹೊದಿಸಿರುತ್ತಾರೆ. ಒಳಗಿನ ಮರ ಉಸಿರಾಡಲಾಗದೆ ಕೊಳೆಯುತ್ತದೆ, ತೆಗೆಯಹೋದರೆ ಮೇಲಿನ ಪದರವೂ ಕಿತ್ತು ಬರುತ್ತದೆ.

ಕೇಳುವವರು: ದೋಣಿಗೂ ಮೋಟರಿಗೂ ಜೋಡಿ ಸರಿಯಾಗಿರಬೇಕೇ? ಯಾವುದೋ ದೋಣಿಗೆ ಯಾವುದೋ ಮೋಟರು ಕೂಡಿಸಿದ್ದರೆ?

ಬಲ್ಲವರು: ಸರಿಯಾದ ಜೋಡಿಗೆ ಬೇರೆ ಬೆಲೆ ಇದೆ. ವರ್ಗಗಳು ಎಂಜಿನ್ನಿನ ಗಾತ್ರದ ಮೇಲೆ ನಿಂತಿದ್ದವು. ಮಾರ್ಕ್ 20ಎಚ್ ಸುಮಾರು 20 ಘನ ಇಂಚಿನದು, ಅಂದರೆ 328 ಸಿಸಿ ಆಸುಪಾಸು, ಅದು ಬಿ ವರ್ಗ. ಬಿ ಹೈಡ್ರೊಪ್ಲೇನಿಗೆ ಅದನ್ನು ಕೂಡಿಸಿದರೆ ಒಂದು ಕಾಲದ ಪೂರ್ತಿ ಚಿತ್ರ ಸಿಕ್ಕಿತು. ದೋಣಿಯ ಮೇಲೆ ಬಳಿದ ಪಂದ್ಯದ ಸಂಖ್ಯೆಯೂ ಇಲ್ಲಿ ನೆರವಿಗೆ ಬರುತ್ತದೆ. 1903ರಲ್ಲಿ ಸ್ಥಾಪನೆಯಾದ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ನಿನ ಪದ್ಧತಿಯಲ್ಲಿ ಸಂಖ್ಯೆಯ ಜೊತೆಗೆ ವಲಯ ಹೇಳುವ ಅಕ್ಷರ ಇರುತ್ತದೆ. ಆ ಸಂಖ್ಯೆಯನ್ನು ಹಳೆಯ ಪಂದ್ಯದ ಕಾರ್ಯಕ್ರಮ ಪಟ್ಟಿಯಲ್ಲಿ, ಊರಿನ ಪತ್ರಿಕೆಯ ಫೋಟೋದಲ್ಲಿ ಹುಡುಕಿದರೆ ಓಡಿಸಿದವರ ಹೆಸರು, ಸ್ಥಾನ, ತಾರೀಖು ಹೊರಬೀಳಬಹುದು. ಮಾಸಿದ ಸಂಖ್ಯೆಯ ಮೇಲೆ ಹೊಸ ಬಣ್ಣ ಬಳಿದವರು ಈ ದಾರಿಯನ್ನೇ ಮುಚ್ಚಿಬಿಡುತ್ತಾರೆ.

ಕೇಳುವವರು: ಸಣ್ಣಪುಟ್ಟ ಸಾಮಾನುಗಳು?

ಬಲ್ಲವರು: ಅವನ್ನು ಗುಜರಿ ಡಬ್ಬಿಗೆ ಹಾಕುವ ಮೊದಲು ಯಾರಿಗಾದರೂ ತೋರಿಸಬೇಕು. ಕೈಯಿಂದ ಹಿಸುಕಿದರೆ ತೆರೆದು, ಬಿಟ್ಟರೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಥ್ರಾಟಲ್. ಓಡಿಸುವವರು ನೀರಿಗೆ ಬಿದ್ದರೆ ದೋಣಿ ತಾನೇ ನಿಲ್ಲಲಿ ಎಂದು ಇಟ್ಟ ವ್ಯವಸ್ಥೆ ಅದು. ಸ್ಟೀರಿಂಗ್ ಚಕ್ರ, ಅದರ ತಂತಿ ಹಾಯುವ ರಾಟೆಗಳು, ಎಡಪಕ್ಕದ ಫಿನ್ನು. ಪಂದ್ಯದ ಸುತ್ತು ಎಡಕ್ಕೇ ತಿರುಗುವುದರಿಂದ ಫಿನ್ನು ಎಡಕ್ಕಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪ್ರೊಪೆಲರುಗಳು. ಎರಡು ಅಲಗಿನ ಕಂಚಿನ ರೇಸಿಂಗ್ ಪ್ರೊಪೆಲರನ್ನು ಓಡಿಸುವವರು ಕೈಯಿಂದ ಅರೆದು, ಬಗ್ಗಿಸಿ, ತೂಕ ಸರಿಮಾಡಿ ತಮಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಿದ್ದರು. ಪ್ರೊಪೆಲರಿನ ನಡುಗುಂಬದ ಮೇಲೆ ತಯಾರಕರ ಹೆಸರು, ವ್ಯಾಸ, ಪಿಚ್ಚು ಕೆತ್ತಿರುತ್ತದೆ. ಒಂದು ಪೆಟ್ಟಿಗೆಯಲ್ಲಿ ಆರೇಳು ಪ್ರೊಪೆಲರು ಇದ್ದರೆ ಅವುಗಳ ಒಟ್ಟು ಬೆಲೆ ದೋಣಿಯ ಮರದ ಬೆಲೆಯನ್ನು ಮೀರಿದರೂ ಅಚ್ಚರಿಯಿಲ್ಲ.

ಕೇಳುವವರು: ಕಾಗದಪತ್ರ ಇಲ್ಲದ ದೋಣಿಯನ್ನು ಮಾರಬಹುದೇ?

ಬಲ್ಲವರು: ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟರ್ ದೋಣಿಗಳಿಗೆ ರಾಜ್ಯಗಳು ಸಂಖ್ಯೆ ಕೊಡಬೇಕೆಂಬ ಒಕ್ಕೂಟ ಕಾನೂನು 1958ರದು. ಪಂದ್ಯಕ್ಕೆ ಮಾತ್ರ ಬಳಸುವ ದೋಣಿಗೆ ಎಷ್ಟೋ ಕಡೆ ವಿನಾಯಿತಿ ಇತ್ತು. ಹಾಗಾಗಿ ಬಹಳಷ್ಟು ರೇಸಿಂಗ್ ದೋಣಿಗಳಿಗೆ ನೋಂದಣಿಯೇ ಇಲ್ಲ. ಟ್ರೈಲರಿಗೆ ಮಾತ್ರ ಪತ್ರ ಇದ್ದೀತು. ಮಾರಾಟ ಚೀಟಿ, ಸತ್ತವರ ಆಸ್ತಿಯ ಪಟ್ಟಿಯಲ್ಲಿ ದೋಣಿಯ ಉಲ್ಲೇಖ, ಇವು ಮಾಲೀಕತ್ವಕ್ಕೆ ಆಧಾರ. ಇಲ್ಲವಾದರೆ ಕೊಳ್ಳುವವರು ಆ ತೊಡಕಿನ ಬಾಬ್ತು ಬೆಲೆಯಲ್ಲಿ ಕಳೆಯುತ್ತಾರೆ.

ಕೇಳುವವರು: ಇಷ್ಟೆಲ್ಲ ನೋಡಿದ ಮೇಲೆ ಅಂಕಿ ಹುಟ್ಟುವುದು ಎಲ್ಲಿಂದ?

ಬಲ್ಲವರು: ಮಾರಾಟವಾಗಿ ಮುಗಿದ ಬೆಲೆಗಳಿಂದ. ಕೇಳುವ ಬೆಲೆ ಆಸೆ ಮಾತ್ರ. ಒಂದೇ ಜಾಹೀರಾತು ಎರಡು ವರ್ಷ ಓಡುತ್ತಿದ್ದರೆ ಆ ಬೆಲೆಗೆ ಗಿರಾಕಿ ಇಲ್ಲ ಎಂದೇ ಅರ್ಥ. ಹರಾಜಿನ ಫಲಿತಾಂಶ, ಕ್ಲಬ್ಬಿನ ಮೇಳಗಳಲ್ಲಿ ಕೈಬದಲಾದ ಮೊತ್ತ, ಸಂಗ್ರಾಹಕರು ನೆನಪಿಟ್ಟುಕೊಂಡ ವ್ಯವಹಾರ, ಹೀಗೆ ನಾಲ್ಕೈದು ಹೋಲಿಕೆ ಸಿಕ್ಕರೆ ಅದೃಷ್ಟ. ಹರಾಜಿನಲ್ಲಿ ಖರೀದಿದಾರರ ಮೇಲೆ ಹಾಕುವ ಕಮಿಷನ್ನು ಸೇರಿದೆಯೋ ಇಲ್ಲವೋ ನೋಡಬೇಕು. ಇಬ್ಬರು ಹಟಕ್ಕೆ ಬಿದ್ದು ಏರಿಸಿದ ಒಂದು ಬೆಲೆಯನ್ನೇ ದರ ಎಂದುಕೊಳ್ಳಬಾರದು. ಕೊಳ್ಳುವ ಗುಂಪು ಚಿಕ್ಕದು, ಅದರಲ್ಲೂ ವಯಸ್ಸಾದವರು ಹೆಚ್ಚು. ಇಂದಿನ ಪಂದ್ಯಗಳಲ್ಲಿ 20 ಘನ ಇಂಚಿನ ವರ್ಗಕ್ಕೆ ಜಪಾನಿನ ಯಮಾಟೊ ಮೋಟರು ಬಂದು ಕೂತಿದೆ. ಹಾಗಾಗಿ ಮಾರ್ಕ್ 20ಎಚ್ ಕೊಳ್ಳುವವರು ಬಹುತೇಕ ಸಂಗ್ರಾಹಕರು, ಹಳೆಯ ದೋಣಿಗಳ ಪ್ರದರ್ಶನ ಓಟಕ್ಕೆ ಬರುವವರು. ಒಂದೇ ವರ್ಷ ಮೂರು ದೊಡ್ಡ ಸಂಗ್ರಹಗಳು ಮಾರಾಟಕ್ಕೆ ಬಂದರೆ ಬೆಲೆ ಕುಸಿಯುತ್ತದೆ.

ಕೇಳುವವರು: ಲೆಕ್ಕ ಹಾಕಿ ತೋರಿಸಬಹುದೇ?

ಬಲ್ಲವರು: ದಾರಿ ತೋರಿಸಲು ಸುಮ್ಮನೆ ಒಂದು ಅಂಕಿ ಹಿಡಿಯೋಣ. ಸುಸ್ಥಿತಿಯ, ದಾಖಲೆಯಿರುವ ಇಂಥದ್ದೇ ಜೋಡಿ ಇತ್ತೀಚೆಗೆ 100ಕ್ಕೆ ಹೋಯಿತು ಎನ್ನಿ. ನಮ್ಮದರಲ್ಲಿ ಗೇರ್ ಎಣ್ಣೆಯಲ್ಲಿ ನೀರಿದೆ, ಅದಕ್ಕೆ 12 ಕಳೆಯೋಣ. ಹಿಂಬದಿಯ ಹಲಗೆ ಕೊಳೆತಿದೆ, 10. ಮಾಲೀಕತ್ವದ ಪತ್ರವಿಲ್ಲ, 6. ಉಳಿದದ್ದು 72. ಪಂದ್ಯದ ಫೋಟೋ, ಕಪ್ಪು ಸಿಕ್ಕಿವೆ, 5 ಕೂಡಿಸಿದರೆ 77. ಇದನ್ನು ಇನ್ನೊಂದು ಬದಿಯಿಂದ ಪರೀಕ್ಷಿಸಬೇಕು: ಬಿಡಿಬಿಡಿಯಾಗಿ ಮಾರಿದರೆ ಮೋಟರಿಗೆ 45, ಪ್ರೊಪೆಲರು ಥ್ರಾಟಲುಗಳಿಗೆ 15, ದೋಣಿಗೆ 8, ಒಟ್ಟು 68. ಆಗ 68ರಿಂದ 77ರ ನಡುವೆ ಎಂದು ಬರೆಯಬಹುದು. ಒಂದೇ ಅಂಕಿ ಬರೆಯುವುದಕ್ಕಿಂತ ಇದು ಪ್ರಾಮಾಣಿಕ. ಕೆಲವೊಮ್ಮೆ ಬಿಡಿ ಮಾರಾಟದ ಮೊತ್ತವೇ ಮೇಲೆ ಹೋಗುತ್ತದೆ. ಹಾಗೆಂದು ಅರವತ್ತು ಎಪ್ಪತ್ತು ವರ್ಷ ಒಟ್ಟಿಗಿದ್ದ ಜೋಡಿಯನ್ನು ಬಿಚ್ಚಿ ಹಂಚಿದರೆ ಆ ದೋಣಿಯ ಕಥೆ ಮುಗಿಯಿತು, ಮತ್ತೆ ಯಾರೂ ಕೂಡಿಸಲಾರರು. ಹಣದ ಅಂತರ ಸಣ್ಣದಾಗಿದ್ದರೆ ಒಟ್ಟಿಗೇ ಕೊಡುವುದು ಸರಿ.

ಕೇಳುವವರು: ಮೊದಲು ಬಣ್ಣ ಹೊಡೆಸಿ, ರಿಪೇರಿ ಮಾಡಿಸಿ, ಆಮೇಲೆ ಬೆಲೆ ಕಟ್ಟಿಸಿದರೆ ಹೆಚ್ಚು ಬರುವುದಿಲ್ಲವೇ?

ಬಲ್ಲವರು: ಹಾಕಿದ ಖರ್ಚು ಪೂರ್ತಿ ವಾಪಸು ಬರುವುದು ಅಪರೂಪ. ನುರಿತ ಕೈ ದೋಣಿಯೊಂದನ್ನು ಸರಿಮಾಡುವ ಕೂಲಿ ಎಷ್ಟೋ ಸಲ ಆ ದೋಣಿಯ ಬೆಲೆಯನ್ನೇ ದಾಟುತ್ತದೆ. ಇತ್ತೀಚೆಗೆ ಸಂಗ್ರಾಹಕರ ಒಲವೂ ಬದಲಾಗಿದೆ: ಮೂಲ ಬಣ್ಣ, ಹರಿದ ಡೆಕಾಲು, ಓಟದಲ್ಲಿ ಬಿದ್ದ ಗೀರು ಇರುವ, ಯಾರೂ ಮುಟ್ಟದ ದೋಣಿಯನ್ನು ಅವರು ಹೆಚ್ಚು ಇಷ್ಟಪಡುತ್ತಾರೆ. ಹೊಸ ವಾರ್ನಿಷಿನ ಕೆಳಗೆ ಏನಿದೆಯೋ ಎಂಬ ಅನುಮಾನ ಅವರಿಗೆ. ಮೋಟರನ್ನು ಮರಳು ಎರಚಿ ತಿಕ್ಕಿಸಿದರೆ ಎರಕದ ಮೇಲಿನ ಅಂಕಿಗಳೂ ಡೆಕಾಲೂ ಹೋಗುತ್ತವೆ. ಕೊಳೆ ತೊಳೆಯುವುದು ಬಿಟ್ಟು ಮತ್ತೇನನ್ನೂ ಬೆಲೆ ಕಟ್ಟುವ ಮೊದಲು ಮಾಡಬಾರದು. ತೊಳೆಯುವುದಕ್ಕೂ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಬೇಕು.

ಕೇಳುವವರು: ದಾನ ಕೊಡುವುದಾದರೆ?

ಬಲ್ಲವರು: ನ್ಯೂ ಯಾರ್ಕ್ ರಾಜ್ಯದ ಕ್ಲೇಟನ್ನಿನಲ್ಲಿರುವ ಆಂಟಿಕ್ ಬೋಟ್ ಮ್ಯೂಸಿಯಂನಂಥ ಸಂಸ್ಥೆಗಳಿವೆ. ಈಗಾಗಲೇ ಅಂಥ ದೋಣಿ ಇದ್ದರೆ ಇನ್ನೊಂದನ್ನು ಅವರು ತೆಗೆದುಕೊಳ್ಳದೆ ಇರಬಹುದು, ಮೊದಲೇ ಬರೆದು ಕೇಳಬೇಕು. 5,000 ಡಾಲರಿಗಿಂತ ಹೆಚ್ಚಿನ ಬೆಲೆ ತೋರಿಸಿ ತೆರಿಗೆ ವಿನಾಯಿತಿ ಕೇಳುವುದಾದರೆ ಅರ್ಹ ಮೌಲ್ಯಮಾಪಕರ ವರದಿ ಕಡ್ಡಾಯ. ಆ ಮೌಲ್ಯಮಾಪಕರು ದೋಣಿಯನ್ನು ತಾವೇ ಕೊಳ್ಳುವ ಆಸೆ ಇಟ್ಟುಕೊಂಡವರಾಗಿರಬಾರದು, ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಫೀಸು ಕೇಳುವವರೂ ಆಗಿರಬಾರದು.

ಕೇಳುವವರು: ವರದಿಯಲ್ಲಿ ಏನೇನಿರಬೇಕು?

ಬಲ್ಲವರು: ಯಾವ ಉದ್ದೇಶದ ಬೆಲೆ, ಯಾವ ತಾರೀಖಿನ ಬೆಲೆ, ಮೋಟರಿನ ಮಾದರಿ, ಸರಣಿ ಸಂಖ್ಯೆ, ದೋಣಿಯ ಉದ್ದ, ಅಗಲ, ಕಟ್ಟಿದವರು, ಬಿಚ್ಚಿ ನೋಡಿದ್ದು ಯಾವುದು, ಹೊರಗಿನಿಂದಷ್ಟೇ ನೋಡಿದ್ದು ಯಾವುದು, ಹೋಲಿಕೆಗೆ ಹಿಡಿದ ಮಾರಾಟಗಳು ಮತ್ತು ಅವುಗಳ ದಿನಾಂಕ, ಫೋಟೋಗಳು. ವಿಮೆಗಾಗಿ ಮಾಡಿಸಿದ್ದಾದರೆ ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಇಂಥ ದೋಣಿ ಮನೆಯಲ್ಲಿರುವವರು ದಯವಿಟ್ಟು ಇನ್ನೊಂದು ಕೆಲಸ ಮಾಡಲಿ: ಅದನ್ನು ಓಡಿಸಿದವರು ಇನ್ನೂ ಬದುಕಿದ್ದರೆ ಈಗಲೇ ಹೋಗಿ, ಯಾವ ಸರೋವರದಲ್ಲಿ, ಯಾವ ವರ್ಷ, ಯಾವ ಪ್ರೊಪೆಲರಿನಿಂದ ಓಡಿಸಿದರು ಎಂದು ಕೇಳಿ ಬರೆದು, ಅವರ ಸಹಿ ಹಾಕಿಸಿ, ಆ ಹಾಳೆಯನ್ನು ಮೋಟರಿನ ಜೊತೆಗೇ ಇಡಲಿ.